ದೇವರ ಮನೆಯ ಹಿತ್ತಾಳೆ ಕೀಲಿಕೈ

ದೇವರ ಮನೆಯ ಬೀಗಕ್ಕೆ ಎರಡನೆಯ ಸಲ ಮಾಡಿಕೊಟ್ಟ ಕೀಲಿಕೈಯೂ ತಿರುಗಲಿಲ್ಲ ಎಂದು ಸತ್ಯಭಾಮಾಬಾಯಿಯವರು ಹೇಳಿ ಕಳಿಸಿದಾಗ ಅಮೀರ್ ಸಾಬರಿಗೆ ಸಾಕಪ್ಪಾ ಸಾಕು ಅನ್ನಿಸಿತು. ರಾಯಚೂರಿನ ಬಸ್ ನಿಲ್ದಾಣದ ಹೊರಗೆ ಛತ್ರಿಯಡಿ ಕೂತು, ಅರ ಹಿಡಿದು ಉಜ್ಜಿ ಉಜ್ಜಿ ಬೆರಳ ತುದಿಗಳು ಸವೆದಿದ್ದವು. ಮೊದಲೆಲ್ಲ ಮಾನ್ವಿ, ದೇವದುರ್ಗದವರೂ ಬಸ್ಸಿಳಿದು ಇವರನ್ನೇ ಹುಡುಕಿ ಬರುತ್ತಿದ್ದರು. ಈಗ ಪಕ್ಕದ ಅಂಗಡಿಗೆ ಮಷೀನು ಬಂದಿದೆ, ಗರ್ ಎಂದರೆ ಕೀಲಿಕೈ ತಯಾರು. ಹೋಗಲಿ ಬಿಡಿ, ಹೊಟ್ಟೆ ಹೇಗೋ ತುಂಬುತ್ತದೆ. ಕೈಯೇ ಸೋತರೆ ಏನು ಮಾಡುವುದು? ಈ ಸಲವೂ ತಪ್ಪಿದರೆ ಹತಾರಗಳ ಪೆಟ್ಟಿಗೆ ಮಾರಿಬಿಡುತ್ತೇನೆಂದು ಮರುದಿನ ಹೆಂಡತಿಗೆ ಹೇಳಿಯೇ ಬಾಯಿಯವರ ಮನೆಗೆ ಹೊರಟರು.

ಅಂದು ಹಳೆಯ ಕೀಲಿಕೈಯೂ ಹಟ ಹಿಡಿದಿತ್ತು. ದೇವರು ಒಳಗೆ, ಮಡಿಯುಟ್ಟ ಬಾಯಿಯವರು ಹೊರಗೆ. ಪೂಜೆಯಾಗದೆ ಅವರು ತುತ್ತು ಮುಟ್ಟುವವರಲ್ಲ. ಮಗ ವಿಬುಧೇಂದ್ರ ಬೀಗ ಕೊಯ್ಯಿಸೋಣ ಅನ್ನುತ್ತಿದ್ದ. ಸಾಬರು ಮೊದಲೇ ಬಂದು ಬೀಗ ನೋಡಬೇಕಿತ್ತು. ಮೊಣಕಾಲು ನೋವಿನ ನೆಪ ಹೇಳಿ ಕೂತಲ್ಲೇ ನಕಲು ತೆಗೆದದ್ದು ಸಾಬರದೇ ಸೋಮಾರಿತನ.

ದಣಿವಾರಲು ಬಾವಿಕಟ್ಟೆಯ ಮೇಲೆ ಕೂತರು. ಪೂಜೆಯ ಹಿತ್ತಾಳೆ ಪಾತ್ರೆಗಳು ಬಿಸಿಲಿಗೆ ಬೋರಲಾಗಿದ್ದವು. ಪಕ್ಕದಲ್ಲಿ ಹುಣಸೆಹಣ್ಣು, ಇಟ್ಟಿಗೆ ಪುಡಿ. ಸಾಬರು ಕೈಯಲ್ಲಿದ್ದ ಹಳೆಯ ಕೀಲಿಕೈ ನೋಡಿದರು. ಅದೂ ಪಾತ್ರೆಗಳಷ್ಟೇ ಫಳಫಳ.

“ಬಾಯಿಯವರ, ಚಾವೀನೂ ತಿಕ್ಕತೀರೇನ್ರೀ?”

“ದಿನಾ ತಿಕ್ಕತೀನಿ. ಮೈಲಿಗಿ ಚಾವಿಲೆ ದೇವರ ಬಾಗಿಲಾ ತಗೀಲಿಕ್ಕೆ ಬರ್ತದೇನು?” ಅಂದರು ಬಾಯಿಯವರು.

ಸಾಬರಿಗೆ ನಗುವೂ ಬಂತು, ಅಳುವೂ ಬಂತು. ದಿನದಿನದ ತಿಕ್ಕಾಟದಲ್ಲಿ ಹಲ್ಲುಗಳು ಕರಗಿದ್ದವು. ತಾವು ಎರಡು ಸಲವೂ ಆ ಸವಕಲನ್ನೇ ಚಾಚೂ ತಪ್ಪದೆ ನಕಲು ಮಾಡಿದ್ದರು. ಹಾಗಾದರೆ ಕೈ ಸೋತಿರಲಿಲ್ಲ.

ತಾವು ಮತ್ತೊಮ್ಮೆ ಸ್ನಾನ ಮಾಡಿದರಾಯಿತೆಂದು ಬಾಯಿಯವರು ಅವರನ್ನು ದೇವರ ಮನೆಯ ಬಾಗಿಲ ತನಕ ಬಿಟ್ಟರು. ಹಲ್ಲು ಕೊರೆಯದ ಹೊಸ ಕೀಲಿಕೈಯನ್ನು ಸಾಬರು ಮೇಣದಬತ್ತಿಯ ಹೊಗೆಗೆ ಹಿಡಿದು ಕಪ್ಪು ಮಾಡಿ, ಬೀಗಕ್ಕೆ ಹಾಕಿ ಅಲುಗಾಡಿಸಿದರು. ಎಲ್ಲಿ ಮಸಿ ಅಳಿಸಿಹೋಯಿತೋ ಅಲ್ಲಿ ಒಂದಿಷ್ಟು ಅರದಿಂದ ಉಜ್ಜಿದರು. ಮತ್ತೆ ಹೊಗೆ, ಮತ್ತೆ ಅರ. ಕಣ್ಣಲ್ಲಿ ನೀರಾಡುವ ಹೊತ್ತಿಗೆ ಬೀಗ ಕಟಕ್ ಎಂದು ತೆರೆದುಕೊಂಡಿತು.

“ನಿಮ್ಮ ಕೈ ದೊಡ್ಡದು ನೋಡ್ರಿ,” ಎಂದು ಬಾಯಿಯವರು ಕಣ್ಣೊರೆಸಿಕೊಂಡರು.

ಸಾಬರ ಎದೆ ಹಗುರಾಯಿತು. ಪೆಟ್ಟಿಗೆ ಮಾರುವ ವಿಚಾರ ಅಲ್ಲಿಗೇ ಬಿಟ್ಟರು. ಇನ್ನು ಮೇಲೆ ಕೀಲಿಕೈಯನ್ನು ಬರೀ ನೀರಲ್ಲಿ ಅದ್ದಿ ತೆಗೆದರೆ ಸಾಕೆಂದು ಎರಡೆರಡು ಸಲ ಹೇಳಿದರು. ಬಾಯಿಯವರೂ ಹೂಂಗುಟ್ಟಿದರು.

ಚಪ್ಪಲಿ ಮೆಟ್ಟುತ್ತಿದ್ದಾಗ ಬಾವಿಕಟ್ಟೆಯಿಂದ ಪರಪರ ಸದ್ದು ಕೇಳಿಸಿತು. ಸಾಬರು ಮುಟ್ಟಿದ ಹೊಸ ಕೀಲಿಕೈಯನ್ನು ಬಾಯಿಯವರು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದರು. ಸಾಬರ ಎದೆ ಚುರುಕ್ ಎಂದಿತು. ಪೆಟ್ಟಿಗೆ ಹೆಗಲಿಗೇರಿಸಿ ಬಸ್ ನಿಲ್ದಾಣದ ಕಡೆ ನಡೆದರು.