ಒಣಗಿಸಬಾರದಾಗಿದ್ದ ಹಿಟ್ಟು

ನಮ್ಮ ರಸಾಯನಶಾಸ್ತ್ರದ ಮೇಡಂ ಅವರ ಬಲಗೈಯ ಎರಡು ಬೆರಳುಗಳ ತುದಿ ಸದಾ ಕಂದಾಗಿರುತ್ತಿತ್ತು. ಅಯೋಡಿನ್ ಕಲೆ. ಮದುವೆ ಊಟಕ್ಕೂ ಅದೇ ಬೆರಳು ಹೊತ್ತು ಹೋಗುತ್ತಿದ್ದರು.

ಪುತ್ತೂರಿನ ಕಾಲೇಜೊಂದರಲ್ಲಿ ಅವರು ಹದಿನಾಲ್ಕು ವರ್ಷ ಅತಿಥಿ ಉಪನ್ಯಾಸಕಿ. ಹದಿನಾಲ್ಕು ವರ್ಷ ದುಡಿಸಿಕೊಂಡು ಅತಿಥಿ ಎಂದು ಕರೆಯುವವರಿಗೆ ನಾಚಿಕೆಯಾಗಬೇಕು. ಡಾಕ್ಟರೇಟ್ ಇಲ್ಲದವರು ಮುಂದಿನ ವರ್ಷ ಬೇಡ ಎಂಬ ಆದೇಶ ಬಂದಾಗ ಅವರ ಪ್ರಬಂಧಕ್ಕೆ ಕೊನೆಯ ಪ್ರಯೋಗವೊಂದು ಮಾತ್ರ ಬಾಕಿಯಿತ್ತು. ಮೈಕ್ರೋವೇವ್ ಶಾಖಕ್ಕೆ ಮೆಕ್ಕೆಜೋಳದ ಪಿಷ್ಟ ಒಳಗೊಳಗೇ ಹೇಗೆ ಬದಲಾಗುತ್ತದೆ ಎಂಬುದು ಅವರ ವಿಷಯ. ಅದಕ್ಕೆಂದು ದರ್ಬೆಯ ತಮ್ಮ ಮನೆಯ ಹಳೇ ಓವನ್ನನ್ನು ಆಟೋದಲ್ಲಿ ಹೊತ್ತು ತಂದಿದ್ದರು.

ಎರಡು ಬೀಕರಿನಲ್ಲಿ ಬಿಳಿ ಹಿಟ್ಟು ಇಟ್ಟು ನಮ್ಮನ್ನು ಕರೆಯುತ್ತಿದ್ದರು. "ನೋಡಿ, ಕಣ್ಣಿಗೆ ಎಂತ ವ್ಯತ್ಯಾಸ ಉಂಟು? ಎಂತದೂ ಇಲ್ಲ. ಈಗ ಬೇಯಿಸಿ." ಬೇಯಿಸಿದರೆ ಒಂದು ದಪ್ಪ ಗಂಜಿಯಾಗುತ್ತಿತ್ತು, ಓವನ್ನಿಗೆ ಹೋಗಿ ಬಂದದ್ದು ಅಷ್ಟು ಉಬ್ಬದೆ ತೆಳ್ಳಗೆ ಉಳಿಯುತ್ತಿತ್ತು. "ಅದರ ಕಣಗಳ ಜೋಡಣೆಯೇ ಬದಲಾಗಿದೆ ಮಾರಾಯ್ತಿ. ಆದ್ರೆ ಹಿಟ್ಟಿನಲ್ಲಿ ನೀರು ಬೇಕು. ನೀರಿಲ್ಲದಿದ್ರೆ ಮೈಕ್ರೋವೇವ್ ಹಿಡಿಯುದು ಯಾವುದನ್ನು?"

ಈ ಮಾತನ್ನು ಹತ್ತು ಸಲ ಕೇಳಿದವಳು ನಾನು, ಅವರ ಎಂ.ಎಸ್ಸಿ. ವಿದ್ಯಾರ್ಥಿನಿ.

ಆಷಾಢದ ಮಳೆ. ವಿಶ್ವವಿದ್ಯಾಲಯದಲ್ಲಿ ನಾಲ್ಕು ದಿನದ ಕೆಲಸವಿದೆಯೆಂದು ಮೇಡಂ ಲ್ಯಾಬಿನ ಕೀಲಿಕೈ ನನಗೆ ಕೊಟ್ಟು ಹೋದರು. ಕಪಾಟಿನಲ್ಲಿ, ಇಂತಿಷ್ಟೇ ನೀರು ಬೆರೆಸಿ ಮುಚ್ಚಿಟ್ಟ ಹನ್ನೆರಡು ಬಾಟ್ಲಿ ಹಿಟ್ಟು. ನೋಡಿದರೆ ಗಂಟುಗಂಟಾಗಿ ಗಾಜಿಗೆ ಅಂಟಿಕೊಂಡಿತ್ತು. ಸವಣೂರಿನ ನಮ್ಮ ಮನೆಯಲ್ಲಿ ಮಳೆಗಾಲವೆಂದರೆ ಬಟ್ಟೆ, ಹಪ್ಪಳ, ಬೆಂಕಿಪೆಟ್ಟಿಗೆ, ಎಲ್ಲವನ್ನೂ ಒಣಗಿಸುವುದೇ ಕೆಲಸ. ಕೈ ಸುಮ್ಮನಿರಲಿಲ್ಲ. ಬೂಸ್ಟು ಹಿಡಿದೀತೆಂದು ಹನ್ನೆರಡನ್ನೂ ಬಿಸಿಗಾಳಿಯ ಪೆಟ್ಟಿಗೆಯಲ್ಲಿ ಗರಿಗರಿಯಾಗಿ ಒಣಗಿಸಿ, ಚೀಟಿ ತಪ್ಪದಂತೆ ಮತ್ತೆ ತುಂಬಿಸಿಟ್ಟೆ. ಹೆಮ್ಮೆ ಬೇರೆ!

ಮೇಡಂ ಬಂದು ತೂಗಿದರು. ಮತ್ತೊಮ್ಮೆ ತೂಗಿದರು. ನಾನು ಮಾಡಿದ್ದನ್ನು ಹೇಳಿದೆ. ಅವರು ಕುರ್ಚಿಯಲ್ಲಿ ಕುಳಿತರು. ಕಾದು ಒಣಗಿದ ಹಿಟ್ಟಿಗೆ ಮತ್ತೆ ನೀರು ಬೆರೆಸಿದರೂ ಅದು ಮೊದಲಿನಂತಾಗದು, ಅದುವರೆಗಿನ ಪ್ರಯೋಗಗಳಿಗೆ ಬಳಸಿದ ಚೀಲದ ಪಿಷ್ಟವೂ ಮುಗಿದಿತ್ತು. ಹೊಸ ಚೀಲ ತಂದರೆ ಎಲ್ಲ ಪ್ರಯೋಗವನ್ನೂ ಮೊದಲಿನಿಂದ ಮಾಡಬೇಕು.

ನನ್ನೆದುರೇ ತಮ್ಮ ಸಂಶೋಧನೆಯ ಮಾರ್ಗದರ್ಶಕರಿಗೆ ಫೋನು ಮಾಡಿದರು. "ನಂದೇ ತಪ್ಪು ಸರ್. ಮುಚ್ಚಳ ಸರಿ ಹಾಕ್ಲಿಲ್ಲ." ನಾನು ಬಾಯಿ ಬಿಡಲಿಲ್ಲ. ಇಂದಿಗೂ ನನ್ನ ಕೆನ್ನೆಗೆ ನಾನೇ ಬಾರಿಸಬೇಕೆನಿಸುತ್ತದೆ.

ಅದೇ ಕಾರಣ ಹೇಳಿ ಆರು ತಿಂಗಳು ಹೆಚ್ಚು ಕೇಳಿದರೆ ಪ್ರಾಂಶುಪಾಲರು ಅರ್ಜಿಯನ್ನು ಓದಲೂ ಇಲ್ಲ. "ಒಂದು ಮುಚ್ಚಳ ಹಾಕ್ಲಿಕ್ಕೆ ಬಾರದವರಿಗೆ ಡಾಕ್ಟರೇಟ್ ಎಂತಕ್ಕೆ ಮೇಡಂ?" ಎಂದು ಸ್ಟಾಫ್ ರೂಮಿನಲ್ಲೇ ನಕ್ಕರು. ಜೊತೆಗೆ ನಕ್ಕವರ ಮುಖ ಒಂದೊಂದೂ, ಬಾಗಿಲಲ್ಲಿ ನಿಂತಿದ್ದ ನನಗೆ ನೆನಪಿದೆ.

ಕೆಲಸ ಹೋಯಿತು. ಕಡಬದಲ್ಲಿ ಕೋಣೆ ಮಾಡಿ ಪಿಯುಸಿ ಮಕ್ಕಳಿಗೆ ಟ್ಯೂಷನ್ ಹೇಳಿದರು. ನಾನು ಪಿಷ್ಟದ ಮೇಲೆಯೇ ಸಂಶೋಧನೆಗೆ ಸೇರಿದಾಗ ತಮ್ಮ ಟಿಪ್ಪಣಿಗಳನ್ನೆಲ್ಲ ಕೊಟ್ಟರು. "ಇಟ್ಕೊಂಡು ನಾನು ಎಂತ ಮಾಡುದು?" ಎಂದರು. ಅದರ ಮೇಲೆ ನಾನು ಡಾಕ್ಟರೇಟ್ ಪಡೆದೆ. ಅವರು ಕಳೆದುಕೊಂಡ ಹುದ್ದೆ ನನಗೇ ಸಿಕ್ಕಿತು, ನಾನು ಸೇರಿಯೂಬಿಟ್ಟೆ.

ಕಳೆದ ವರ್ಷ ಮೇಡಂ ಕ್ಯಾನ್ಸರಿನಿಂದ ತೀರಿಕೊಂಡರು. ಕಾಲೇಜಿನಲ್ಲಿ ಶ್ರದ್ಧಾಂಜಲಿ ಸಭೆ. "ನಮ್ಮ ಸಂಸ್ಥೆಯ ಹೆಮ್ಮೆ ಅವರು," ಎಂದು ಅದೇ ಪ್ರಾಂಶುಪಾಲರು ಕಣ್ಣೊರೆಸಿಕೊಂಡರು.

"ಆ ಹಿಟ್ಟು ಒಣಗಿಸಿದ್ದು ನಾನು," ಎಂದು ಎದ್ದು ನಿಂತೆ.

"ಅದೆಲ್ಲ ಈಗ ಬೇಡ ಮೇಡಂ. ಒಂದು ನಿಮಿಷ ಮೌನ ಆಚರಿಸುವ," ಎಂದು ಪ್ರಾಂಶುಪಾಲರು ನನಗೆ ಹೇಳಿ ಎಲ್ಲರನ್ನೂ ಎಬ್ಬಿಸಿದರು.

ನಾನು ನಿಲ್ಲಿಸಲಿಲ್ಲ. ಬಾಟ್ಲಿ, ಫೋನು, ಸ್ಟಾಫ್ ರೂಮಿನ ನಗು, ಒಂದನ್ನೂ ಬಿಡದೆ ಹೇಳಿದೆ. ಮೌನಾಚರಣೆಗೆ ನಿಂತವರು ಯಾರೂ ನನ್ನನ್ನು ತಡೆಯುವಂತಿರಲಿಲ್ಲ. ತಲೆ ತಗ್ಗಿಸಿಕೊಂಡೇ ಪೂರ್ತಿ ಕೇಳಬೇಕಾಯಿತು.