ದೊಡ್ಡ ಚಕ್ರದ ಮೇಷ್ಟ್ರು

ಡ್ರಾಯಿಂಗ್ ಮೇಷ್ಟ್ರು ಏನೇ ಕೊಂಡರೂ ಅದನ್ನು ತಮ್ಮಿಂದ ಮುಂದೆ ಕೊಳ್ಳುವವನ ಮುಖ ನೆನೆದೇ ಕೊಳ್ಳುವವರು. ಎಲೆಕ್ಟ್ರಿಕ್ ಕಾರು ಬುಕ್ ಮಾಡುವಾಗ ಹೆಂಡತಿ, "ಚಿಕ್ಕ ಚಕ್ರವೇ ಇರಲಿ ರೀ, ಅದಕ್ಕೆ ಟೈರು ದಪ್ಪ, ಕುಲುಕಾಟ ಕಮ್ಮಿ, ನನ್ನ ಸೊಂಟ ಉಳಿಯುತ್ತೆ" ಅಂದರು.

"ಮಾರೋವಾಗ ನಿನ್ನ ಸೊಂಟ ಯಾರು ನೋಡ್ತಾರೆ? ದೊಡ್ಡ ಚಕ್ರಕ್ಕೇ ಬೆಲೆ!"

ಸೀಟಿನ ಪ್ಲಾಸ್ಟಿಕ್ಕನ್ನೂ ತೆಗೆಯಲಿಲ್ಲ. ಕಾರು ಗುಂಡಿಗಿಳಿದು ಹೆಂಡತಿ "ಅಯ್ಯೋ" ಅಂದರೆ, ಇವರು ಇಳಿದು ಚಕ್ರ ಸವರುತ್ತಿದ್ದರು.

ಕೆಲವು ವರ್ಷದ ಮೇಲೆ ಗಿರಾಕಿಯೊಬ್ಬ ಬಂದ. ಕಾರಿಗೆ ಒಂದು ಸುತ್ತು ಹಾಕಿ ಮೂಗು ಮುರಿದ. "ಚಕ್ರ ದೊಡ್ಡದಾಯ್ತು ಸಾರ್. ಚಾರ್ಜು ಬೇಗ ಖಾಲಿ, ಟೈರೂ ದುಬಾರಿ. ಚಿಕ್ಕದಿದ್ದಿದ್ರೆ ಕಣ್ಣು ಮುಚ್ಚಿ ತಗೋತಿದ್ದೆ."

ಅವನು ಹೋದ ಮೇಲೆ ಹೆಂಡತಿ ಕೇಳಿದರು, "ಇನ್ನಾದ್ರೂ ಇದು ನಮ್ಮ ಕಾರು ತಾನೇ?"

ಮೇಷ್ಟ್ರು ಸೀಟಿನ ಪ್ಲಾಸ್ಟಿಕ್ ಬಿಚ್ಚಿದರು. ಆಮೇಲೆ ಅದನ್ನು ಒರೆಸಿ, ನೀಟಾಗಿ ಮಡಚಿ ಅಟ್ಟಕ್ಕೆ ಹಾಕಿದರು. ಅದಕ್ಕೂ ಒಬ್ಬ ಗಿರಾಕಿ ಎಲ್ಲೋ ಹುಟ್ಟಿರುತ್ತಾನಲ್ಲ!