ಹನುಮಂತಪ್ಪನವರ ಅನ್ನನಾಳದ ಟ್ಯೂಬು

1983ರ ಆಷಾಢದಲ್ಲಿ ಕಲಾಸಿಪಾಳ್ಯದ ತರಕಾರಿ ಮಂಡಿಯ ಹನುಮಂತಪ್ಪನವರನ್ನು ಚಾಮರಾಜಪೇಟೆಯ ನಮ್ಮ ಆಸ್ಪತ್ರೆಗೆ ಕರೆತಂದರು. ನೀರು ಕೂಡ ಗಂಟಲಿಂದ ಕೆಳಗಿಳಿಯುತ್ತಿರಲಿಲ್ಲ. ನಾನು ಅಲ್ಲಿ ಸರ್ಜನ್ ಆಗಿದ್ದೆ. ಹಿಂದೆ ಅವರ ಅನ್ನನಾಳದಲ್ಲಿ ಟ್ಯೂಬು ಕೂರಿಸಿದ್ದವನೂ ನಾನೇ.

ಹಿಂದಿನ ವರ್ಷ ಅಲ್ಲಿ ಕ್ಯಾನ್ಸರ್ ಗಡ್ಡೆ ಕಂಡಿತ್ತು. ತೆಗೆಯುವ ಹಂತ ದಾಟಿತ್ತು. ಅಂಥವರಿಗೆ ಊಟವಾದರೂ ಇಳಿಯಲೆಂದು ಗಡ್ಡೆಯ ನಡುವೆ ಹಾಯುವಂತೆ ರಬ್ಬರ್ ಟ್ಯೂಬೊಂದನ್ನು ಇಡುತ್ತಿದ್ದೆವು. ಅದು ಮಡಚಿಕೊಳ್ಳದಿರಲು ರಬ್ಬರಿನೊಳಗೆ ನೈಲಾನ್ ಸುರುಳಿ ಇರುತ್ತಿತ್ತು. ಹೊಟ್ಟೆಯ ಆಮ್ಲ ತಾಗಿ ಕೆಲವು ತಿಂಗಳಲ್ಲಿ ರಬ್ಬರ್ ಶಿಥಿಲವಾಗುತ್ತದೆ ಎಂಬುದು ನಮಗೆ ಗೊತ್ತಿತ್ತು. ಅದನ್ನು ಯಾರೂ ದೊಡ್ಡದು ಮಾಡುತ್ತಿರಲಿಲ್ಲ. ಸಾಮಾನ್ಯವಾಗಿ ರೋಗಿಗಳು ಅಷ್ಟು ಕಾಲ ಉಳಿಯುತ್ತಿರಲಿಲ್ಲ.

ರೋಗದ ಹೆಸರನ್ನು ಅಣ್ಣನಿಗೂ ಅತ್ತಿಗೆಗೂ ಹೇಳಬೇಡಿ ಎಂದು ತಮ್ಮ ಗೋವಿಂದಪ್ಪ ಕೈ ಹಿಡಿದು ಕೇಳಿಕೊಂಡಿದ್ದರು. ಆಗಿನ ವಾಡಿಕೆಯೇ ಅದು. ನಾನು ಒಪ್ಪಿದೆ. ಹೆಂಡತಿ ಜಯಮ್ಮನವರಿಗೆ ಅಲ್ಸರ್ ಎಂದು ಹೇಳಿ, ಪಥ್ಯವನ್ನು ಮಾತ್ರ ಬಿಗಿಯಾಗಿ ತಿಳಿಸಿದೆ. ಎಲ್ಲವೂ ಗಂಜಿಯಂತೆ ನುಣ್ಣಗಿರಬೇಕು, ಊಟವಾದ ಮೇಲೆ ಟ್ಯೂಬು ತೊಳೆದುಹೋಗಲು ಸೋಡಾ ಕುಡಿಸಬೇಕು. ಮುದ್ದೆ ಕೂಡದು. ಅಗಿಯದೆ ನುಂಗುವ ತುತ್ತು ಟ್ಯೂಬಿಗೆ ಬಿರಡೆಯಾಗುತ್ತದೆ. ಕಟ್ಟಿಕೊಂಡರೆ ತಪ್ಪು ನಿಮ್ಮದೇ ಎಂದೂ ಸೇರಿಸಿದ್ದೆ.

ಈಗ ಗಂಡ ಹೆಂಡತಿ ಇಬ್ಬರೂ ತಪ್ಪು ತಮ್ಮದೇ ಎಂದು ಪೈಪೋಟಿಗಿಳಿದರು. ಮಂಡಿ ಪಕ್ಕದ ಹೋಟೆಲಿನಲ್ಲಿ ಕದ್ದು ಬಸ್ಸಾರು ಮುದ್ದೆ ತಿಂದೆ ಎಂದರು ಹನುಮಂತಪ್ಪ.

“ಆ ಹೋಟ್ಲೋರು ಬಸ್ಸಾರು ಯಾವತ್ತು ಮಾಡಿದ್ರು? ಸುಳ್ಳು ಡಾಕ್ಟ್ರೇ. ನಾನೇ ಮಾಡ್ಕೊಟ್ಟೆ,” ಎಂದರು ಜಯಮ್ಮ.

ಆಸೆಪಟ್ಟರೆಂದು ಒಂದು ತುತ್ತು ಕೊಟ್ಟಿದ್ದರು. ಅಂದಿನಿಂದಲೇ ನುಂಗುವುದು ಕಷ್ಟವಾಗಿತ್ತು. ನನ್ನ ಬೈಗುಳಕ್ಕೆ ಹೆದರಿ, ಸೋಡಾ ಕುಡಿಸುತ್ತ ಮನೆಯಲ್ಲೇ ಇಟ್ಟುಕೊಂಡಿದ್ದರು. ನಮ್ಮಲ್ಲಿಗೆ ತರುವ ಹೊತ್ತಿಗೆ ಅವರ ನಾಲಿಗೆ ಒಣಗಿ ಕಣ್ಣು ಗುಳಿಬಿದ್ದಿತ್ತು.

ಡ್ರಿಪ್ ಹಾಕಿ, ಅವರು ಚೇತರಿಸಿಕೊಂಡ ಮೇಲೆ, ಹೊಟ್ಟೆ ತೆರೆದು ಟ್ಯೂಬನ್ನು ಹೊರತೆಗೆದೆ. ಅದರಲ್ಲಿ ಮುದ್ದೆಯ ಚೂರೂ ಇರಲಿಲ್ಲ. ರಬ್ಬರ್ ಹರಿದು ಒಳಕ್ಕೆ ಮಡಚಿಕೊಂಡು ದಾರಿ ಮುಚ್ಚಿತ್ತು. ನೈಲಾನ್ ಸುರುಳಿ ಬಿಚ್ಚಿ ನಿಂತಿತ್ತು. ಒಂದು ತುತ್ತಿನಿಂದ ಆಗುವ ಕೆಲಸವಲ್ಲ ಅದು. ಹೊಸ ಟ್ಯೂಬು ಕೂರಿಸಿದೆ.

ಜಯಮ್ಮ ಅಷ್ಟು ದಿನವೂ ಗಂಡನ ಮುಖ ನೋಡಿ ಮಾತಾಡಿರಲಿಲ್ಲ. ಹನುಮಂತಪ್ಪ ಮತ್ತೆ ಮಜ್ಜಿಗೆ ಕುಡಿಯತೊಡಗಿದ ಮೇಲೆ ಹಳೆಯ ಟ್ಯೂಬನ್ನು ವಾರ್ಡಿಗೆ ಒಯ್ದು ಆಕೆಗೆ ತೋರಿಸಿದೆ. ಕೆಟ್ಟದ್ದು ರಬ್ಬರು, ನಿಮ್ಮ ಮುದ್ದೆಯದು ಏನೂ ಇಲ್ಲ ಎಂದೆ. ಸಮಾಧಾನವಾದೀತು ಎಂದುಕೊಂಡಿದ್ದೆ. ಜಯಮ್ಮ ಅದನ್ನು ತಿರುಗಿಸಿ ನೋಡಿದರು.

“ಇದು ಎಷ್ಟು ತಿಂಗ್ಳು ಬರುತ್ತೆ ಅಂತ ಹಾಕಿದ್ರಿ?”

ಹೇಳಿದರೆ ಗಂಡನ ಆಯಸ್ಸನ್ನು ನಾವು ಎಷ್ಟೆಂದು ಎಣಿಸಿದ್ದೆವು ಎಂಬುದೂ ಹೊರಬೀಳುತ್ತಿತ್ತು. ಹೇಳದಿದ್ದರೆ ಆಕೆ ನನ್ನ ಮಾತು ನಂಬುತ್ತಿರಲಿಲ್ಲ, ತಪ್ಪು ಆಕೆಯ ತಲೆಯ ಮೇಲೇ ಉಳಿಯುತ್ತಿತ್ತು. ಪಕ್ಕದಲ್ಲೇ ನಿಂತಿದ್ದ ಗೋವಿಂದಪ್ಪನವರ ಕಡೆ ನೋಡಿದೆ. ಅವರು ಕಿಟಕಿಯತ್ತ ತಿರುಗಿದರು.

ಹಾಸಿಗೆಯಿಂದ ಹನುಮಂತಪ್ಪನವರೇ ಹೇಳಿದರು. “ನಾನು ಎಷ್ಟು ತಿಂಗ್ಳು ಇರ್ತೀನಿ ಅಂದ್ಕೊಂಡಿದ್ರೋ ಅಷ್ಟಕ್ಕೇ ಕಣೆ.”

“ನಿಮಗ್ಯಾರು ಹೇಳಿದ್ರು?”

“ಮಂಡಿ ನಡ್ಸೋನಿಗೆ ಹೇಳ್ಬೇಕಾ? ಎಷ್ಟು ದಿನ ತಡಿಯೋ ಮಾಲಿಗೆ ಎಂಥಾ ಗೋಣಿ ಅಂತ ಗೊತ್ತಾಗಲ್ವಾ?”

ಅಲ್ಸರ್ ಅಂದಿದ್ದಿರಲ್ಲ ಎಂದು ಜಯಮ್ಮ ನನ್ನನ್ನು ಕೇಳಿದರು. ಅಲ್ಲ ಎಂದೆ. ರೋಗದ ಹೆಸರು ಹೇಳಿದೆ. ಟ್ಯೂಬಿನ ಅವಧಿಯನ್ನೂ ಹೇಳಿದೆ. ಆಮೇಲೆ ಯಾರಿಗೆ ಟ್ಯೂಬು ಕೂರಿಸಿದರೂ ಅದು ತಾನಾಗಿಯೇ ಕೆಡಬಹುದೆಂದು ಮನೆಯವರಿಗೆ ಮೊದಲೇ ತಿಳಿಸುವುದನ್ನು ರೂಢಿ ಮಾಡಿಕೊಂಡೆ.

ಹನುಮಂತಪ್ಪ ಆ ವರ್ಷ ದೀಪಾವಳಿ ಕಳೆದ ಮೇಲೆ ಗವಿಪುರದ ಮನೆಯಲ್ಲಿ ತೀರಿಕೊಂಡರು. ಎರಡನೇ ಟ್ಯೂಬು ಕೊನೆಯವರೆಗೂ ಕೆಡಲಿಲ್ಲ. ಈಚೆಗೆ ಗಾಂಧಿಬಜಾರಿನಲ್ಲಿ ಗೋವಿಂದಪ್ಪ ಸಿಕ್ಕಿದ್ದರು. ಎಲ್ಲ ಕೆಟ್ಟಿದ್ದು ಆ ಮುದ್ದೆಯಿಂದಲೇ ಎಂದು ಅತ್ತಿಗೆ ಇವತ್ತಿಗೂ ಹೇಳುತ್ತಾರಂತೆ.